ಹಸ್ತಪ್ರತಿ ಯಾರ ಕೈಗೆ?



1953ರ ಸೆಪ್ಟೆಂಬರ್ ತಿಂಗಳಲ್ಲಿ ಲಂಡನ್ನಿನ ಫೇಬರ್ ಅಂಡ್ ಫೇಬರ್ ಪ್ರಕಾಶನ ಸಂಸ್ಥೆಗೆ ಅಂಚೆಯಲ್ಲಿ ಒಂದು ಕಾದಂಬರಿಯ ಟೈಪ್ ಪ್ರತಿ ಬಂತು. ಹಾಳೆಗಳ ಮೂಲೆ ಮಡಚಿಹೋಗಿತ್ತು. ಆಗಲೇ ಹಲವು ಪ್ರಕಾಶಕರ ಮೇಜು ಸುತ್ತಿಬಂದ ಪ್ರತಿ ಅದು ಎಂಬುದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು. ಬರೆದವರು ಸಾಲ್ಸ್‌ಬರಿ ಎಂಬ ಊರಿನ ಒಬ್ಬ ಸ್ಕೂಲು ಮೇಷ್ಟ್ರು. ಸಂಸ್ಥೆಗೆ ಬಂದ ಹಸ್ತಪ್ರತಿಗಳನ್ನೆಲ್ಲ ಮೊದಲು ಓದುತ್ತಿದ್ದ ಮಹಿಳೆ ಇದರ ಮೇಲೆ ಹಸಿರು ಶಾಯಿಯಲ್ಲಿ ಷರಾ ಬರೆದರು. ಅಸಂಬದ್ಧ, ನೀರಸ, ಅರ್ಥವಿಲ್ಲದ್ದು ಎಂಬ ಧಾಟಿಯ ಷರಾ. ಪಕ್ಕದಲ್ಲಿ ತಿರಸ್ಕಾರದ ಗುರುತು.

ಆ ಕಚೇರಿಗೆ ಆಗಷ್ಟೇ ಸೇರಿದ್ದ ಚಾರ್ಲ್ಸ್ ಮಾಂಟೀತ್ ಎಂಬ ತರುಣ, ಮೊದಲು ವಕೀಲಿಕೆ ಮಾಡಿಕೊಂಡಿದ್ದವರು, ಆ ಪ್ರತಿಯನ್ನು ರೈಲಿನಲ್ಲಿ ಓದಲೆಂದು ತೆಗೆದುಕೊಂಡು ಹೋದರು. ಕಾದಂಬರಿ ಶುರುವಾಗುವುದು ಅಣುಯುದ್ಧದ ವರ್ಣನೆಯಿಂದ. ಪುಟಗಳು ಉರುಳಿದರೂ ಮನುಷ್ಯರ ಸುಳಿವಿಲ್ಲ. ಅದನ್ನು ದಾಟಿ ಮುಂದೆ ಹೋದಾಗ ಒಂದು ದ್ವೀಪ, ಅಲ್ಲಿ ದೊಡ್ಡವರಿಲ್ಲದೆ ಉಳಿದ ಹುಡುಗರು, ಅವರೊಳಗೆ ನಿಧಾನವಾಗಿ ಎದ್ದೇಳುವ ಕ್ರೌರ್ಯ. ಮಾಂಟೀತ್ ಪುಸ್ತಕ ಕೆಳಗಿಡಲಾಗಲಿಲ್ಲ. ಆಮೇಲೆ ಅವರು ಲೇಖಕರಿಗೆ ಹೇಳಿದ್ದು ಕೆಲವೇ ಮಾತು. ಮೊದಲಿನ ಯುದ್ಧ ತೆಗೆಯಿರಿ, ನೇರ ದ್ವೀಪದಿಂದ ಶುರುಮಾಡಿ. ನಡುನಡುವೆ ಬರುವ ಆಕಾಶಯುದ್ಧವನ್ನು ಇಳಿಸಿ. ಸೈಮನ್ ಎಂಬ ಹುಡುಗನಿಗೆ ಆಗುವ ದೈವದರ್ಶನವನ್ನು ಅಷ್ಟು ಬಿಡಿಸಿ ಹೇಳಬೇಡಿ, ಮಸುಕಾಗಿಡಿ. ಮೇಷ್ಟ್ರು ಒಪ್ಪಿದರು. ಹೆಸರೂ ಬದಲಾಯಿತು, ಹೊಸ ಹೆಸರನ್ನು ಸೂಚಿಸಿದ್ದು ಅದೇ ಸಂಸ್ಥೆಯ ಇನ್ನೊಬ್ಬರು. 1954ರಲ್ಲಿ ಹೊರಬಂದ ಆ ಪುಸ್ತಕ ‘ಲಾರ್ಡ್ ಆಫ್ ದಿ ಫ್ಲೈಸ್’. ಮೇಷ್ಟ್ರ ಹೆಸರು ವಿಲಿಯಂ ಗೋಲ್ಡಿಂಗ್. 1983ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ಹೀಗೆ ಯೋಚಿಸಿ ನೋಡಿ. ಪ್ರಕಾಶಕರು ಒಬ್ಬೊಬ್ಬರಾಗಿ ವಾಪಸು ಕಳಿಸುತ್ತಿದ್ದಾಗ ಗೋಲ್ಡಿಂಗ್ ಬೇಸತ್ತು, ಒಬ್ಬ ಒಳ್ಳೆಯ ಪ್ರೂಫ್ ರೀಡರಿಗೆ ಹಣ ಕೊಟ್ಟು ಕಾಗುಣಿತ, ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ತಿದ್ದಿಸಿದ್ದರೆ ಏನಾಗುತ್ತಿತ್ತು? ಅಣುಯುದ್ಧದ ಆ ಪುಟಗಳು ಒಂದೂ ತಪ್ಪಿಲ್ಲದೆ ಮತ್ತೆ ತಿರಸ್ಕೃತವಾಗಿ ವಾಪಸು ಬರುತ್ತಿದ್ದವು. ದುಡ್ಡೂ ಹೋಗುತ್ತಿತ್ತು.

ನಾನು ಇವತ್ತು ಹೇಳಬೇಕೆಂದಿರುವುದು ಈ ವಿಷಯವನ್ನೇ. ಕಥೆಯನ್ನೋ ಕಾದಂಬರಿಯನ್ನೋ ಬರೆದು ಮುಗಿಸಿದವರು ಅದನ್ನು ಹಣ ಕೊಟ್ಟು ತಿದ್ದಿಸುವ ಕಾಲ ನಮ್ಮಲ್ಲೂ ಬಂದಿದೆ. ಆದರೆ ಯಾವ ತರದ ತಿದ್ದುಪಡಿ ಬೇಕು ಎಂದು ಯೋಚಿಸುವವರು ಕಡಿಮೆ. ಹಸ್ತಪ್ರತಿ ಓದುವ ಕೆಲಸ ಮಾಡುವ ನನ್ನಂಥವರಿಗೆ ಬರುವ ಫೋನ್ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ. “ಸಾರ್, ಕಾದಂಬರಿ ಮುಗೀತು. ಡಿ.ಟಿ.ಪಿ.ನೂ ಆಗಿದೆ. ಸ್ವಲ್ಪ ತಪ್ಪು ಒಪ್ಪು ನೋಡಿಕೊಟ್ಟುಬಿಡಿ. ಮುಂದಿನ ತಿಂಗಳು ಬಿಡುಗಡೆ, ಹಾಲ್ ಬುಕ್ ಮಾಡಿಯಾಯ್ತು.” ಗೃಹಪ್ರವೇಶದ ಹಿಂದಿನ ದಿನ ಮೇಸ್ತ್ರಿಯನ್ನು ಕರೆದು ಪಾಯ ಸರಿಯಿದೆಯೇ ಎಂದು ಕೇಳಿದ ಹಾಗೆ ಇದು. ಓದಿ ನೋಡಿದರೆ ನಾಯಕಿ ನೂರಿಪ್ಪತ್ತನೇ ಪುಟಕ್ಕೆ ಬರುತ್ತಾಳೆ. ಅಲ್ಲಿಯವರೆಗೆ ಅವಳ ತಾತನ ಕಥೆ. ಇದನ್ನು ಹೇಳೋಣವೇ ಬಿಡೋಣವೇ? ಹಾಲ್ ಬುಕ್ ಆಗಿದೆಯಲ್ಲ!

ಇಂಗ್ಲಿಷ್ ಪ್ರಕಾಶನದಲ್ಲಿ ಈ ಕೆಲಸವನ್ನು ಬೇರೆಬೇರೆ ಮಾಡಿಟ್ಟಿದ್ದಾರೆ. ಕಥೆಯ ಕಟ್ಟನ್ನು ನೋಡುವುದು ಡೆವಲಪ್‌ಮೆಂಟಲ್ ಅಥವಾ ಸ್ಟ್ರಕ್ಚರಲ್ ಎಡಿಟಿಂಗ್. ಕಥೆ ಎಲ್ಲಿಂದ ಶುರುವಾಗಬೇಕು, ಯಾರ ಕಣ್ಣಿನಿಂದ ಹೇಳಬೇಕು, ಯಾವ ಪಾತ್ರ ಬೇಡ, ಎಲ್ಲಿ ಎಳೆದಿದೆ, ಎಲ್ಲಿ ಓಡಿದೆ ಎಂಬ ಪ್ರಶ್ನೆಗಳು ಅದರವು. ವಾಕ್ಯ ವಾಕ್ಯವಾಗಿ ಗದ್ಯದ ಲಯವನ್ನೂ ಬಿಗಿಯನ್ನೂ ನೋಡುವುದು ಲೈನ್ ಎಡಿಟಿಂಗ್. ಭಾಷೆ, ಏಕರೂಪತೆ, ಹೆಸರು, ತಾರೀಖು, ವಾಸ್ತವಾಂಶ ಇವನ್ನು ಹಿಡಿದು ನೋಡುವುದು ಕಾಪಿ ಎಡಿಟಿಂಗ್. ಕೊನೆಗೆ ಪುಟ ಕಟ್ಟಿದ ಮೇಲೆ ಅಚ್ಚಿನ ತಪ್ಪು ಹುಡುಕುವುದು ಪ್ರೂಫ್. ನಮ್ಮ ಕಡೆ ಈ ನಾಲ್ಕನ್ನೂ ಒಬ್ಬರಿಂದಲೇ, ಒಂದೇ ಓದಿನಲ್ಲಿ, ಒಂದೇ ಸಂಭಾವನೆಯಲ್ಲಿ ಮಾಡಿಸಿಕೊಳ್ಳುವ ಆಸೆ.

ಒಬ್ಬರೇ ಏಕೆ ಎಲ್ಲವನ್ನೂ ಮಾಡಬಾರದು ಎಂದು ಕೇಳಬಹುದು. ಅದಕ್ಕೆ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಅವರ ಉದಾಹರಣೆ ಕೊಡುತ್ತೇನೆ. ನ್ಯೂಯಾರ್ಕಿನ ಸ್ಕ್ರಿಬ್ನರ್ಸ್ ಸಂಸ್ಥೆಯಲ್ಲಿದ್ದ ಈತ ಅಮೆರಿಕದ ಸಂಪಾದಕರಲ್ಲೆಲ್ಲ ಹೆಸರು ಮಾಡಿದವರು. 1918ರಲ್ಲಿ ಸೇನೆಯಲ್ಲಿದ್ದ ಸ್ಕಾಟ್ ಫಿಟ್ಜ್‌ಜೆರಾಲ್ಡ್ ಎಂಬ ಹುಡುಗ ಒಂದು ಕಾದಂಬರಿ ಕಳಿಸಿದ. ಸಂಸ್ಥೆಯ ಹಿರಿಯರಿಗೆ ಹಿಡಿಸಲಿಲ್ಲ. ಪರ್ಕಿನ್ಸ್ ಮಾತ್ರ ಬಿಡಲಿಲ್ಲ. ‘ನಾನು’ ಎಂದು ಹೇಳುವ ಕಥೆಯನ್ನು ‘ಅವನು’ ಎಂದು ಹೇಳಿ ನೋಡು ಎಂದರು. ಕೇಳಲಿಕ್ಕೆ ಸಣ್ಣ ಸಲಹೆ. ಆದರೆ ತನ್ನ ಬಗ್ಗೆ ತಾನೇ ಮುಗ್ಧನಾಗಿ ಹೇಳಿಕೊಳ್ಳುತ್ತಿದ್ದ ನಿರೂಪಕ ಹೋಗಿ, ಅವನನ್ನು ದೂರದಿಂದ ನೋಡಿ ನಗುವ ಅವಕಾಶ ಲೇಖಕನಿಗೆ ಸಿಕ್ಕಿತು. ಮತ್ತೆ ಬರೆದ ಆ ಕಾದಂಬರಿ 1920ರಲ್ಲಿ ‘ದಿಸ್ ಸೈಡ್ ಆಫ್ ಪ್ಯಾರಡೈಸ್’ ಎಂದು ಬಂದು ಫಿಟ್ಜ್‌ಜೆರಾಲ್ಡ್ ರಾತ್ರೋರಾತ್ರಿ ಪ್ರಸಿದ್ಧರಾದರು. ಪುಸ್ತಕದ ತುಂಬ ಕಾಗುಣಿತದ ತಪ್ಪುಗಳು! ಪತ್ರಿಕೆಯ ಅಂಕಣಕಾರರೊಬ್ಬರಿಗೆ ಆ ತಪ್ಪುಗಳನ್ನು ಪಟ್ಟಿ ಮಾಡಿ ಪ್ರಕಟಿಸುವುದೇ ಮೋಜಾಯಿತು. ಫಿಟ್ಜ್‌ಜೆರಾಲ್ಡ್‌ಗೆ ಕಾಗುಣಿತ ಬರುತ್ತಿರಲಿಲ್ಲ, ಪರ್ಕಿನ್ಸ್‌ಗೂ ಅಷ್ಟಕ್ಕಷ್ಟೆ. ಕಥೆಯ ಒಳಗೆ ಅಷ್ಟು ಆಳಕ್ಕೆ ಇಳಿದು ನೋಡುವ ಕಣ್ಣಿಗೆ ಅಕ್ಷರ ಕಾಣಲಿಲ್ಲ.

ಅದೇ ಕಣ್ಣು 1924ರ ನವೆಂಬರಿನಲ್ಲಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಪ್ರತಿಯಲ್ಲಿ ಏನನ್ನು ಕಂಡಿತು ನೋಡಿ. ಪರ್ಕಿನ್ಸ್ ಬಾಯ್ತುಂಬ ಹೊಗಳಿ, ಆಮೇಲೆ ಬರೆದರು: ಗ್ಯಾಟ್ಸ್‌ಬಿ ಎಂಬ ವ್ಯಕ್ತಿಯೇ ಮಸುಕಾಗಿದ್ದಾನೆ, ಮಿಕ್ಕವರೆಲ್ಲ ಎದುರಿಗೆ ನಿಂತಂತೆ ಕಾಣುತ್ತಾರೆ, ಇವನು ಕಾಣುವುದಿಲ್ಲ. ಅವನಿಗೆ ಇಷ್ಟು ಹಣ ಎಲ್ಲಿಂದ ಬಂತೆಂಬುದಕ್ಕೆ ಒಂದು ಸೂಚನೆಯಾದರೂ ಇರಲಿ. ಅವನ ಪೂರ್ವಕಥೆಯನ್ನೆಲ್ಲ ಒಂದೇ ಕಡೆ ಸುರಿಯಬೇಡಿ, ಚೂರುಚೂರಾಗಿ ಬರಲಿ. ವಾಕ್ಯಗಳನ್ನು ಅವರು ಬರೆದುಕೊಡಲಿಲ್ಲ. ರೋಮ್ ನಗರದಲ್ಲಿ ಚಳಿಗಾಲ ಕಳೆಯುತ್ತಿದ್ದ ಫಿಟ್ಜ್‌ಜೆರಾಲ್ಡ್ ಅಚ್ಚುಮೊಳೆ ಜೋಡಿಸಿಯಾಗಿದ್ದ ಗ್ಯಾಲಿ ಪ್ರೂಫುಗಳ ಮೇಲೆಯೇ ಅಧ್ಯಾಯಗಳನ್ನು ಒಡೆದು ಕಟ್ಟಿದರು. 1925ರ ಏಪ್ರಿಲಿನಲ್ಲಿ ಪುಸ್ತಕ ಬಂತು. ಪ್ರೂಫ್ ಹಂತದಲ್ಲಿ ಕಥೆಯನ್ನು ಬದಲಿಸುವ ಈ ಐಷಾರಾಮ ಎಲ್ಲರಿಗೂ ಸಿಗುವುದಿಲ್ಲ. ನಮ್ಮ ಡಿ.ಟಿ.ಪಿ.ಯವರ ಹತ್ತಿರ ಹೋಗಿ ಆರನೇ ಅಧ್ಯಾಯ ನಾಲ್ಕಾಗಬೇಕು, ನಾಲ್ಕರಲ್ಲಿ ಅರ್ಧ ಎಂಟಕ್ಕೆ ಹೋಗಬೇಕು ಎಂದರೆ ಅವರು ಚಹಾ ಕುಡಿದು ಬರುತ್ತೇನೆಂದು ಹೋದವರು ಬರುವುದಿಲ್ಲ.

ಕಥೆಯ ಮಟ್ಟದ ಸಂಪಾದನೆಗೆ ಸಮಯ ಬೇಕು. ಎಷ್ಟು ಎಂದರೆ ಹಾರ್ಪರ್ ಲೀ ಅವರನ್ನು ನೆನೆಯಬಹುದು. 1957ರಲ್ಲಿ ಅವರು ಲಿಪಿನ್‌ಕಾಟ್ ಸಂಸ್ಥೆಗೆ ಕೊಟ್ಟ ಕಾದಂಬರಿಯಲ್ಲಿ ದೊಡ್ಡವಳಾದ ಹೆಣ್ಣೊಬ್ಬಳು ತನ್ನ ಊರಿಗೆ ಬಂದು ತಂದೆಯ ಬಗ್ಗೆ ಭ್ರಮನಿರಸನಗೊಳ್ಳುತ್ತಾಳೆ. ನಡುವೆ ಬಾಲ್ಯದ ನೆನಪುಗಳು ಬರುತ್ತವೆ. ಟೇ ಹೋಹಾಫ್ ಎಂಬ ಸಂಪಾದಕಿಗೆ ಜೀವ ಇರುವುದು ಆ ನೆನಪುಗಳಲ್ಲಿ ಎನಿಸಿತು. ಎರಡು ವರ್ಷಕ್ಕೂ ಮೀರಿ ಇಬ್ಬರೂ ಆ ಪ್ರತಿಯ ಜೊತೆ ಹೆಣಗಿದರು. ಕೊನೆಗೆ ಬಂದದ್ದು ಬೇರೆಯೇ ಕಾದಂಬರಿ: 1960ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಮರುವರ್ಷ ಪುಲಿಟ್ಜರ್ ಬಹುಮಾನ. ಮೊದಲಿನ ಪ್ರತಿ ‘ಗೋ ಸೆಟ್ ಎ ವಾಚ್‌ಮನ್’ ಎಂಬ ಹೆಸರಿನಲ್ಲಿ 2015ರಲ್ಲಿ ಪ್ರಕಟವಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ಬಿಡುವಿರುವವರು ಓದಬೇಕು. ಸಂಪಾದನೆಯ ಬಗ್ಗೆ ಯಾವ ಕಮ್ಮಟದಲ್ಲೂ ಸಿಗದ ಪಾಠ ಅದರಲ್ಲಿದೆ. ಹೋಹಾಫ್ ಹೊಸದೇನನ್ನೂ ಸೇರಿಸಿ ಎನ್ನಲಿಲ್ಲ, ಅದರೊಳಗೇ ಇದ್ದುದನ್ನು ಕಂಡರು.

ಇಂಥ ಓದು ನಮ್ಮಲ್ಲಿ ಇರಲೇ ಇಲ್ಲ ಎನ್ನುವ ಹಾಗಿಲ್ಲ. ಧಾರವಾಡದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಅಂದರೆ ಹಳಬರಿಗೆ ಗೊತ್ತು. ಜಿ.ಬಿ. ಜೋಶಿಯವರು ಪ್ರಕಾಶಕರು, ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರು. ಬಂದ ಬರಹವನ್ನು ಓದಿ, ಚರ್ಚಿಸಿ, ಆಮೇಲೆ ಅಚ್ಚಿನ ಮಾತು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದು ಅಲ್ಲಿಂದಲೇ. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕ ಇಲ್ಲ ಎಂದು ಕುರ್ತಕೋಟಿ ಆಡಿದ ಮಾತು ತಮ್ಮನ್ನು ‘ತುಘಲಕ್’ ಕಡೆಗೆ ತಿರುಗಿಸಿತು ಎಂದು ಕಾರ್ನಾಡರೇ ಹೇಳಿದ್ದಾರೆ. ಬರೆಯುವ ಮೊದಲೇ ನಡೆದ ಸಂಪಾದನೆ ಅದು ಎನ್ನೋಣವೇ? ಸ್ನೇಹದಲ್ಲಿ, ಹರಟೆಯಲ್ಲಿ ಪುಕ್ಕಟೆ ಸಿಗುತ್ತಿದ್ದ ಆ ಓದನ್ನು ಇವತ್ತು ದುಡ್ಡು ಕೊಟ್ಟು ಪಡೆಯಬೇಕಾಗಿದೆ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇನ್ನು ವಾಕ್ಯದ ಮಟ್ಟದ ಕೆಲಸ. ಅತ್ಯಂತ ಸೂಕ್ಷ್ಮವಾದದ್ದೂ ಅತ್ಯಂತ ಅಪಾಯದ್ದೂ ಇದೇ. ರೇಮಂಡ್ ಕಾರ್ವರ್ ಅವರ ಕಥೆಗಳನ್ನು ಗಾರ್ಡನ್ ಲಿಶ್ ತಿದ್ದಿದ ಪ್ರಕರಣ ಈಗ ಜಗಜ್ಜಾಹೀರು. 1981ರ ಸಂಕಲನಕ್ಕೆ ಲಿಶ್ ಒಟ್ಟಾರೆ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿದರು, ಕೊನೆಗಳನ್ನು ಬದಲಾಯಿಸಿದರು, ಹೆಸರುಗಳನ್ನೂ. ಒಂದು ಕಥೆಯಲ್ಲಿ ಅಪಘಾತವಾಗಿ ಆಸ್ಪತ್ರೆಯಲ್ಲಿರುವ ಮಗು, ಹುಟ್ಟುಹಬ್ಬದ ಕೇಕಿಗೆ ಹಣ ಕೇಳಲು ಮತ್ತೆ ಮತ್ತೆ ಫೋನು ಮಾಡುವ ಬೇಕರಿಯವನು. ಲಿಶ್ ತಿದ್ದಿದ ರೂಪದಲ್ಲಿ ಕಥೆ ಫೋನಿನ ಕರೆಯೊಂದಕ್ಕೇ ನಿಂತುಬಿಡುತ್ತದೆ. ಕಾರ್ವರ್ ಬರೆದ ರೂಪದಲ್ಲಿ ಮಗು ತೀರಿಕೊಳ್ಳುತ್ತದೆ, ತಂದೆತಾಯಿ ಸಿಟ್ಟಿನಿಂದ ಬೇಕರಿಗೆ ನುಗ್ಗುತ್ತಾರೆ, ಅವನು ಕ್ಷಮೆ ಕೇಳಿ ಬಿಸಿ ಬನ್ನು ತಿನ್ನಲು ಕೊಡುತ್ತಾನೆ, ಮೂವರೂ ಬೆಳಗಿನವರೆಗೆ ಮಾತಾಡುತ್ತ ಕೂರುತ್ತಾರೆ. ಇವೆರಡೂ ಒಂದೇ ಕಥೆಯೇ? 1980ರ ಜುಲೈನಲ್ಲಿ ಕಾರ್ವರ್ ಪುಸ್ತಕವನ್ನೇ ನಿಲ್ಲಿಸಿ ಎಂದು ಅಂಗಲಾಚಿ ಪತ್ರ ಬರೆದರು. ಪುಸ್ತಕ ನಿಲ್ಲಲಿಲ್ಲ, ಹೆಸರೂ ತಂದಿತು. ಮೂಲ ಪ್ರತಿ ‘ಬಿಗಿನರ್ಸ್’ ಎಂದು 2009ರಲ್ಲಿ ಬಂದಾಗ ಕಾರ್ವರ್ ತೀರಿಕೊಂಡು ಇಪ್ಪತ್ತು ವರ್ಷ ಕಳೆದಿತ್ತು.

ಲಿಶ್ ಕೆಟ್ಟ ಸಂಪಾದಕ ಎಂದು ನಾನು ಹೇಳಲಾರೆ. ಅವರು ಕತ್ತರಿಸಿದ ಕೆಲವು ಕಥೆಗಳು ನನಗೆ ಈಗಲೂ ಮೂಲಕ್ಕಿಂತ ಹಿಡಿಸುತ್ತವೆ. ಬೇಕರಿಯ ಕಥೆ ಮಾತ್ರ ಅಲ್ಲ, ಅದರಲ್ಲಿ ಕಾರ್ವರ್ ಗೆದ್ದಿದ್ದಾರೆ. ಆದರೆ ನಮ್ಮ ಪ್ರಶ್ನೆ ಯಾವುದು ಚೆನ್ನ ಎಂಬುದಲ್ಲ. ವಾಕ್ಯ ತಿದ್ದುತ್ತೇನೆಂದು ಕೂತವರು ಕಥೆಯನ್ನೇ ಬದಲಿಸಿದರೆ ಅದು ಒಪ್ಪಿಕೊಂಡ ಕೆಲಸವಲ್ಲ. ಮುಂದಿನ ಸಂಕಲನದ ಹೊತ್ತಿಗೆ ಕಾರ್ವರ್ ಜಾಣರಾಗಿದ್ದರು. ಈ ಸಲ ಹಾಗೆ ಕತ್ತರಿಸಲು ಬಿಡುವುದಿಲ್ಲ ಎಂದು ಮೊದಲೇ ಹೇಳಿದರು. 1983ರ ‘ಕೆಥೀಡ್ರಲ್’ ಬಹುಮಟ್ಟಿಗೆ ಅವರು ಬರೆದಂತೆಯೇ ಬಂತು.

ಕನ್ನಡದ ವಾಕ್ಯ ತಿದ್ದುವವರ ತೊಂದರೆ ಬೇರೆ ತರದ್ದು. ಈ ಕೆಲಸಕ್ಕೆ ಬರುವವರಲ್ಲಿ ನಿವೃತ್ತ ಕನ್ನಡ ಅಧ್ಯಾಪಕರು ಬಹಳ ಜನ. ಅವರ ವ್ಯಾಕರಣದ ಬಗ್ಗೆ ಎರಡು ಮಾತಿಲ್ಲ. ಆದರೆ ಕುಂದಾಪುರದ ಅಜ್ಜಿ “ಹೋಯ್ಕ್” ಅಂದರೆ ಅವರ ಕೆಂಪು ಪೆನ್ನು ಅದನ್ನು “ಹೋಗಬೇಕು” ಮಾಡುತ್ತದೆ. ಧಾರವಾಡದವರು “ಹೋಗೂದದ” ಅಂದರೆ “ಹೋಗುವುದಿದೆ” ಆಗುತ್ತದೆ. ನಂಜನಗೂಡಿನ ಕಡೆಯ ಆಡುಮಾತಿನಲ್ಲಿ ದೇವನೂರ ಮಹಾದೇವರು ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರತಿ ಇಂಥ ಕೆಂಪು ಪೆನ್ನಿಗೆ ಸಿಕ್ಕಿದ್ದರೆ ಏನು ಉಳಿಯುತ್ತಿತ್ತು ಹೇಳಿ. ಇದು ನಮ್ಮೊಬ್ಬರ ಗೋಳಲ್ಲ. ‘ಲಾರ್ಡ್ ಆಫ್ ದಿ ರಿಂಗ್ಸ್’ ಅಚ್ಚಾಗುವಾಗ ಟೋಲ್ಕಿನ್ ಬೇಕೆಂದೇ ಬಳಸಿದ್ದ ‘ಡ್ವಾರ್ವ್ಸ್’ ಎಂಬ ಬಹುವಚನವನ್ನು ಮುದ್ರಣಾಲಯದವರು ನಿಘಂಟು ನೋಡಿ ‘ಡ್ವಾರ್ಫ್ಸ್’ ಮಾಡಿದರು. ‘ಎಲ್ವೆನ್’ ಎಂಬುದನ್ನು ‘ಎಲ್ಫಿನ್’ ಮಾಡಿದರು. ಭಾಷಾಶಾಸ್ತ್ರವನ್ನೇ ವೃತ್ತಿಯಾಗಿ ಹಿಡಿದಿದ್ದ ಪ್ರಾಧ್ಯಾಪಕರ ಬರಹಕ್ಕೆ ಈ ಗತಿ! ಅವರು ಜಗಳ ಆಡಿ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು.

ಆದ್ದರಿಂದ ಹಸ್ತಪ್ರತಿ ಕೊಡುವಾಗಲೇ ಒಂದು ಹಾಳೆ ಜೊತೆಗಿಡಿ. ಸಂಭಾಷಣೆಯ ಭಾಷೆ ಯಾವ ಸೀಮೆಯದು, ಯಾವ ಪಾತ್ರ ಹೇಗೆ ಮಾತಾಡುತ್ತದೆ, ಯಾವ ರೂಪಗಳನ್ನು ಮುಟ್ಟಬಾರದು ಎಂದು ಅದರಲ್ಲಿ ಬರೆಯಿರಿ. ನಿಮಗೂ ಆಗ ಗೊತ್ತಾಗುತ್ತದೆ, ಒಂದೇ ಪಾತ್ರ ಎರಡನೇ ಅಧ್ಯಾಯದಲ್ಲಿ ಮಂಡ್ಯದವನಾಗಿದ್ದು ಹತ್ತನೆಯದರಲ್ಲಿ ಪತ್ರಿಕೆಯ ಕನ್ನಡ ಮಾತಾಡುತ್ತಿದ್ದಾನೆ ಎಂದು.

ಕಾಪಿ ಎಡಿಟಿಂಗಿನ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಪ್ರೀತಿ, ಹಾಗಾಗಿ ಇಲ್ಲಿ ನಾಲ್ಕು ಮಾತು ಜಾಸ್ತಿ ಆಡುತ್ತೇನೆ. ಕಥೆ ಕಲ್ಪನೆಯೇ ಇರಬಹುದು, ಆದರೆ ಅದರ ಕ್ಯಾಲೆಂಡರು ಕಲ್ಪನೆಯಲ್ಲ. 1968ರಲ್ಲಿ ನಡೆಯುವ ಕಾದಂಬರಿಯಲ್ಲಿ ಒಬ್ಬ ಗುಮಾಸ್ತ “ನಾನು ಕರ್ನಾಟಕ ಸರ್ಕಾರದ ನೌಕರ” ಎನ್ನುತ್ತಾನೆ. ಅವನು ಮೈಸೂರು ರಾಜ್ಯದ ನೌಕರ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. 1950ರ ಸಂತೆಯಲ್ಲಿ ಮುದುಕಿಯೊಬ್ಬಳು ಹತ್ತು ನಯಾಪೈಸೆ ಎಣಿಸಿಕೊಡುತ್ತಾಳೆ. ನಯಾಪೈಸೆ ಬಂದದ್ದು 1957ರಲ್ಲಿ. ಅಲ್ಲಿಯವರೆಗೆ ಆಣೆ, ಕಾಸು. ದೀಪಾವಳಿಯ ರಾತ್ರಿ ಪ್ರೇಮಿಗಳು ಬೆಳದಿಂಗಳಲ್ಲಿ ಕೆರೆಯ ಏರಿಯ ಮೇಲೆ ನಡೆಯುತ್ತಾರೆ. ಅಮಾವಾಸ್ಯೆಯಲ್ಲಿ ಎಲ್ಲಿಯ ಬೆಳದಿಂಗಳು ಸ್ವಾಮಿ? ಕೊಡಗಿನ ತೋಟದಲ್ಲಿ ಆಟಿಯ ಜಡಿಮಳೆ ಸುರಿಯುತ್ತಿರುವಾಗ ಕಾಫಿ ಹೂವಿನ ಘಮ ತುಂಬಿರುತ್ತದೆ. ಕಾಫಿ ಹೂ ಬಿಡುವುದು ಬೇಸಿಗೆಯಲ್ಲಿ ಹೂಮಳೆ ಬಿದ್ದ ಮೇಲೆ. ಮೊದಲ ಅಧ್ಯಾಯದಲ್ಲಿ ಎಂಟು ತಿಂಗಳ ಗರ್ಭಿಣಿಯಾಗಿದ್ದವಳು ಮೂರು ಅಧ್ಯಾಯ, ಎರಡು ಮಳೆಗಾಲ ಕಳೆದ ಮೇಲೆ ಹೆರುತ್ತಾಳೆ. ನಗಬೇಡಿ, ಒಳ್ಳೆಯ ಲೇಖಕರಿಗೂ ಹೀಗಾಗುತ್ತದೆ. ವರ್ಷಗಟ್ಟಲೆ ಬರೆದ ಕಾದಂಬರಿಯಲ್ಲಿ ಮೊದಲಿನದು ನೆನಪಿರುವುದಿಲ್ಲ.

ಇದನ್ನು ನೋಡುವವರು ಓದುತ್ತಲೇ ಒಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಪಾತ್ರದ ಹೆಸರು, ವಯಸ್ಸು, ಸಂಬಂಧ, ಮನೆಯ ದಿಕ್ಕು, ಯಾವ ವರ್ಷ ಏನಾಯಿತು ಎಂಬ ವಿವರ. ಅದರ ಜೊತೆಗೆ ಬರವಣಿಗೆಯ ರೂಪಗಳು. ‘ಬೇರೆಬೇರೆ’ ಕೂಡಿಸಿ ಬರೆಯುವುದೋ ಬಿಡಿಸಿಯೋ, ‘ಕತೆ’ಯೋ ‘ಕಥೆ’ಯೋ, ‘ಡಾಕ್ಟರು’ ಒಂದು ಕಡೆ, ‘ಡಾಕ್ಟರ್’ ಇನ್ನೊಂದು ಕಡೆ ಇರಬಹುದೋ. ಯಾವುದಾದರೂ ಸರಿಯೇ, ಒಂದನ್ನು ಹಿಡಿದರೆ ಕೊನೆಯವರೆಗೆ ಅದೇ. ಹಾಗೆಯೇ, ನಿಮ್ಮದಲ್ಲದ ಸಮುದಾಯದ ಮದುವೆಯನ್ನೋ ಸಾವಿನ ವಿಧಿಯನ್ನೋ ಬರೆದಿದ್ದರೆ ಆ ಸಮುದಾಯದವರೊಬ್ಬರಿಗೆ ಆ ಭಾಗ ತೋರಿಸಿ. ಕಾಪಿ ಎಡಿಟರಿಗೆ ಎಲ್ಲವೂ ಗೊತ್ತಿರುವುದಿಲ್ಲ.

ಪ್ರೂಫಿನ ವಿಷಯ ಬೇಗ ಮುಗಿಸುತ್ತೇನೆ. ಅದು ಪುಟ ಕಟ್ಟಿದ ಮೇಲಿನ ಕೆಲಸ, ಅದಕ್ಕೆ ಮೊದಲು ಮಾಡಿಸಿದರೆ ಎರಡು ಸಲ ಮಾಡಿಸಬೇಕಾಗುತ್ತದೆ. ಕನ್ನಡದಲ್ಲಿ ಇದು ತಪ್ಪಿಸಲಾಗದ ಕೆಲಸವೂ ಹೌದು. ‘ನುಡಿ’ಯಲ್ಲೋ ‘ಬರಹ’ದಲ್ಲೋ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಯುನಿಕೋಡಿಗೆ ಬದಲಿಸಿದರೆ, ಅಥವಾ ಯುನಿಕೋಡಿನಿಂದ ಡಿ.ಟಿ.ಪಿ. ಫಾಂಟಿಗೆ ತಂದರೆ, ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ, ಒತ್ತಕ್ಷರ ಮಾಯವಾಗುತ್ತದೆ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ನಂಬಿದಷ್ಟು ಕನ್ನಡದಲ್ಲಿ ನಂಬುವಂತಿಲ್ಲ. ಒಂದು ಪದಕ್ಕೆ ವಿಭಕ್ತಿ, ಸಂಧಿ, ಸಮಾಸ ಸೇರಿ ಹುಟ್ಟುವ ರೂಪಗಳನ್ನೆಲ್ಲ ಯಾವ ಪಟ್ಟಿಯೂ ಹಿಡಿದಿಡಲಾರದು. ಮನುಷ್ಯರ ಕಣ್ಣೇ ಬೇಕು. ಅದು ಲೇಖಕರ ಕಣ್ಣಾಗಿರಬಾರದು. ತಾನು ಬರೆದದ್ದರಲ್ಲಿ ತನಗೆ ಬೇಕಾದುದೇ ಕಾಣುತ್ತದೆ.

ಸರಿ, ನನ್ನ ಪ್ರತಿಗೆ ಇದರಲ್ಲಿ ಯಾವುದು ಬೇಕು ಎಂದು ತಿಳಿಯುವುದು ಹೇಗೆ? ಬರೆದು ಮುಗಿಸಿದ ಕೂಡಲೇ ತಿಳಿಯುವುದಿಲ್ಲ. ಕೆಲವು ವಾರ ಅದನ್ನು ಮುಟ್ಟದೆ ಬಿಡಿ. ಆಮೇಲೆ ಕಾದಂಬರಿಯನ್ನು ಓದದೆಯೇ, ನೆನಪಿನಿಂದ, ಅಧ್ಯಾಯಕ್ಕೆ ಒಂದೊಂದು ಸಾಲಿನಂತೆ ಏನು ನಡೆಯುತ್ತದೆ ಎಂದು ಬರೆಯಿರಿ. ಯಾವ ಅಧ್ಯಾಯಕ್ಕೆ ಸಾಲು ಸಿಗುವುದಿಲ್ಲವೋ ಅಲ್ಲಿ ಏನೂ ನಡೆಯುತ್ತಿಲ್ಲ ಎಂದೇ ಹೆಚ್ಚಾಗಿ ಅರ್ಥ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯಾದರೆ ಇದನ್ನು ಇನ್ನೂ ಎಚ್ಚರದಿಂದ ಮಾಡಬೇಕು. ಪ್ರತಿ ಕಂತಿನ ಕೊನೆಗೆ ಒಂದು ಕುತೂಹಲ, ಮುಂದಿನ ಕಂತಿನ ಮೊದಲಿಗೆ ಹಿಂದಿನದರ ಜ್ಞಾಪನೆ ಬೇಕಾಗಿದ್ದದ್ದು ಪತ್ರಿಕೆಗೆ. ಪುಸ್ತಕದಲ್ಲಿ ಒಂದೇ ಗುಕ್ಕಿಗೆ ಓದುವವರಿಗೆ ಅದು ಲೇಖಕರು ತಮ್ಮನ್ನು ದಡ್ಡರೆಂದು ತಿಳಿದಿದ್ದಾರೆ ಎನಿಸುವಂತೆ ಮಾಡುತ್ತದೆ.

ಇಬ್ಬರು ಮೂವರು ಓದುಗರಿಗೆ ಕೊಡಿ. ಸಾಹಿತಿಗಳೇ ಆಗಬೇಕಿಲ್ಲ, ನಿಮ್ಮ ಮುಲಾಜಿಗೆ ಒಳಗಾಗದವರಾದರೆ ಸಾಕು. “ಹೇಗಿದೆ?” ಎಂದು ಕೇಳಬೇಡಿ. ಕೇಳಿದರೆ “ಚೆನ್ನಾಗಿದೆ” ಎನ್ನುತ್ತಾರೆ, ನಮ್ಮ ಜನ ಒಳ್ಳೆಯವರು. “ಎಲ್ಲಿ ಓದು ನಿಂತಿತು? ಎಲ್ಲಿ ಪುಟ ಹಾರಿಸಿದಿರಿ? ಯಾರ ಹೆಸರು ಯಾರೆಂದು ಮರೆಯಿತು?” ಎಂದು ಕೇಳಿ. ಇಬ್ಬರೂ ಒಂದೇ ಜಾಗದಲ್ಲಿ ನಿಂತಿದ್ದರೆ, ಕಾರಣ ಬೇರೆಬೇರೆ ಹೇಳಿದರೂ, ಅಲ್ಲಿ ಕಥೆಯ ಮಟ್ಟದಲ್ಲೇ ಏನೋ ಆಗಿದೆ. ಕಥೆಯೆಲ್ಲ ಹಿಡಿಸಿತು ಆದರೆ ಓದುವುದು ಸುಸ್ತಾಯಿತು ಎಂದರೆ ವಾಕ್ಯದ ಕೆಲಸ ಬೇಕು. ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ ಕೇಳಿದರೆ ಅದು ನಿಮಗೇ ತಿಳಿಯುತ್ತದೆ. ಆಕಾಶವಾಣಿಯಲ್ಲಿ ಭಾಷಣ ಓದಿದವರಿಗೆ ಇದು ಗೊತ್ತಿದೆ, ಕಾಗದದ ಮೇಲೆ ಚೆಂದವಾಗಿದ್ದ ವಾಕ್ಯ ಮೈಕಿನ ಮುಂದೆ ಉಸಿರು ಕಟ್ಟಿಸುತ್ತದೆ. ಹೆಮಿಂಗ್ವೆಯವರ ‘ದಿ ಸನ್ ಆಲ್ಸೊ ರೈಸಸ್’ ಕಾದಂಬರಿಯನ್ನು 1926ರಲ್ಲಿ ಓದಿ, ಮೊದಲ ಭಾಗ ಜೊಳ್ಳು ಎಂದು ಹೇಳಿದ್ದು ಸಂಪಾದಕರಲ್ಲ, ಗೆಳೆಯ ಫಿಟ್ಜ್‌ಜೆರಾಲ್ಡ್. ಹೆಮಿಂಗ್ವೆ ಆರಂಭದ ಪುಟಗಳನ್ನು ಕಿತ್ತೆಸೆದರು. ದುಡ್ಡಿಲ್ಲದೆ ಸಿಕ್ಕ ಸಂಪಾದನೆ.

ದುಡ್ಡು ಕೊಡುವುದೇ ಆದರೆ ಕ್ರಮ ತಪ್ಪಿಸಬೇಡಿ. ಕಥೆ ನಿಲ್ಲುವವರೆಗೆ ವಾಕ್ಯಕ್ಕೆ ಹೋಗಬಾರದು. ನಾಳೆ ಕಿತ್ತುಹಾಕುವ ಅಧ್ಯಾಯದ ವಾಕ್ಯಗಳನ್ನು ಇವತ್ತು ತಿದ್ದಿಸಿ ಏನು ಪ್ರಯೋಜನ? ಕೈ ಬಿಗಿಯಾಗಿದ್ದರೆ ಇಡೀ ಪ್ರತಿಯನ್ನು ತಿದ್ದಿಸುವ ಬದಲು ಓದಿ ಕೆಲವು ಪುಟದ ವರದಿ ಬರೆದುಕೊಡಿ ಎಂದು ಕೇಳಬಹುದು. ಅದಕ್ಕೆ ಖರ್ಚು ಕಡಿಮೆ, ತಿದ್ದುವ ಕೆಲಸ ನಿಮ್ಮದೇ. ಮೊದಲ ಕಾದಂಬರಿ ಬರೆದವರಿಗೆ ಹೆಚ್ಚು ಉಪಯೋಗ ಇದರಿಂದಲೇ ಎಂದು ನನ್ನ ಅನಿಸಿಕೆ, ಯಾಕೆಂದರೆ ಎರಡನೆಯದನ್ನು ಬರೆಯುವಾಗಲೂ ಆ ವರದಿ ಜೊತೆಗಿರುತ್ತದೆ.

ಯಾರಿಗೆ ಕೊಡುವುದು ಎಂಬುದಕ್ಕೆ ಹೆಸರು ನೋಡಬೇಡಿ, ಮಾದರಿ ನೋಡಿ. ಹತ್ತು ಪುಟ ಕೊಟ್ಟು ತಿದ್ದಿಸಿ, ಅದಕ್ಕೆ ಸಂಭಾವನೆಯನ್ನೂ ಕೊಡಿ. ವಾಪಸು ಬಂದ ಪುಟಗಳಲ್ಲಿ ನಿಮ್ಮ ದನಿ ಇನ್ನೂ ಕೇಳುತ್ತಿದೆಯೇ, ಅಥವಾ ತಿದ್ದಿದವರ ದನಿ ಕೇಳುತ್ತಿದೆಯೇ? ಅಂಚಿನಲ್ಲಿ ಪ್ರಶ್ನೆ ಹಾಕಿದ್ದಾರೆಯೇ, ಇಲ್ಲ ಕೇಳದೆಯೇ ಬದಲಿಸಿದ್ದಾರೆಯೇ? ಪ್ರಶ್ನೆ ಹಾಕುವವರು ಸಿಕ್ಕರೆ ಬಿಡಬೇಡಿ. ಏನು ಮಾಡುತ್ತಾರೆ, ಏನು ಮಾಡುವುದಿಲ್ಲ, ಎಷ್ಟು ಸಲ ಓದುತ್ತಾರೆ, ಯಾವಾಗ ಕೊಡುತ್ತಾರೆ ಎಂಬುದು ಒಂದು ಹಾಳೆಯ ಮೇಲಿರಲಿ. ಸ್ನೇಹಿತರಾದರೂ ಇರಲಿ. ಸ್ನೇಹಿತರಾದರೆ ಇನ್ನೂ ಇರಲಿ. ಬದಲಾವಣೆಗಳೆಲ್ಲ ಕಾಣುವ ಹಾಗೆ ಗುರುತು ಮಾಡಿ ಕೊಡಬೇಕು, ಒಪ್ಪುವುದು ಬಿಡುವುದು ನಿಮ್ಮ ಕೈಯಲ್ಲಿರಬೇಕು.

ಕೊನೆಗೊಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಸಂಪಾದಕರ ಹೆಸರನ್ನು ಪುಸ್ತಕದಲ್ಲಿ ಹಾಕಬೇಕೇ? ನಮ್ಮ ಪುಸ್ತಕಗಳ ಒಳಪುಟದಲ್ಲಿ ಮುಖಪುಟ ಬಿಡಿಸಿದವರ ಹೆಸರಿರುತ್ತದೆ, ಡಿ.ಟಿ.ಪಿ.ಯವರದ್ದಿರುತ್ತದೆ, ಮುದ್ರಣಾಲಯದ್ದಿರುತ್ತದೆ. ತಿದ್ದಿದವರ ಹೆಸರು ಅಪರೂಪ. ಹಾಕುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಕೇಳಿ ಹಾಕಿ, ಬೇಡ ಎನ್ನುವವರೂ ಇದ್ದಾರೆ. ಥಾಮಸ್ ವುಲ್ಫ್ ಅವರ ಮೊದಲ ಕಾದಂಬರಿಯಿಂದ 60,000ಕ್ಕೂ ಹೆಚ್ಚು ಪದಗಳನ್ನು ತೆಗೆಸಿದ್ದ, ಎರಡನೆಯದನ್ನು ಅವರ ಜೊತೆ ರಾತ್ರಿಗಟ್ಟಲೆ ಕೂತು ಕಟ್ಟಿದ್ದ ಪರ್ಕಿನ್ಸ್‌ಗೆ ವುಲ್ಫ್ 1935ರಲ್ಲಿ ಆ ಎರಡನೇ ಪುಸ್ತಕವನ್ನೇ ತುಂಬು ಹೃದಯದಿಂದ ಅರ್ಪಿಸಿದರು. ಮರುವರ್ಷ ವಿಮರ್ಶಕರೊಬ್ಬರು ಅದನ್ನೇ ಹಿಡಿದು, ಈ ಕಾದಂಬರಿಗಳನ್ನು ಕಟ್ಟಿದ್ದು ವುಲ್ಫ್ ಅಲ್ಲ, ಪರ್ಕಿನ್ಸ್ ಮತ್ತು ಅವರ ಸಂಸ್ಥೆ ಎಂದು ಬರೆದರು. ಆ ಮಾತು ವುಲ್ಫ್ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. 1937ರಲ್ಲಿ ಅವರು ಸ್ಕ್ರಿಬ್ನರ್ಸ್ ಬಿಟ್ಟು ಹಾರ್ಪರ್ ಸಂಸ್ಥೆಗೆ ಹೋದರು. 1938ರಲ್ಲಿ ತೀರಿಕೊಂಡಾಗ ಅವರ ಉಯಿಲಿನ ಪ್ರಕಾರ ಸಾಹಿತ್ಯದ ಹೊಣೆ ಪರ್ಕಿನ್ಸ್ ಮೇಲೆಯೇ ಬಂತು. ಉಳಿದಿದ್ದ ಹಸ್ತಪ್ರತಿಗಳ ರಾಶಿಯನ್ನು ತಿದ್ದಿ ಎರಡು ಕಾದಂಬರಿ ಮಾಡಿದವರು ಮಾತ್ರ ಹಾರ್ಪರ್ ಸಂಸ್ಥೆಯ ಎಡ್ವರ್ಡ್ ಆಸ್ವೆಲ್. ಅವುಗಳಲ್ಲಿ ವುಲ್ಫ್ ಎಷ್ಟು, ಆಸ್ವೆಲ್ ಎಷ್ಟು ಎಂಬ ಜಗಳ ವಿದ್ವಾಂಸರ ನಡುವೆ ಬಹುಕಾಲ ನಡೆಯಿತು.